ಆಡಿಗೆ ಇಂಜೆಕ್ಷನ್, ಮನೆಯವರಿಗೆ ಉಪದೇಶ

ಮಾನ್ಯ ಸಂಪಾದಕರೇ,

ನಮ್ಮ ಆಡಿನ ಗೂಡಿಗೆ ಬೀದಿನಾಯಿಗಳ ಹಿಂಡು ನುಗ್ಗಿ ಆಡುಗಳನ್ನು ಕೊಂದ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಮಂಗಳವಾರ ಪ್ರಕಟವಾದ ವರದಿಯ ಕೊನೆಗೆ ‘ಸುಮಾರು ಅರುವತ್ತು ಸಾವಿರ ರೂಪಾಯಿ ನಷ್ಟ ಅಂದಾಜಿಸಲಾಗಿದೆ’ ಎಂದಿದೆ. ಅಂದಾಜಿಸಿದ ಪುಣ್ಯಾತ್ಮರು ಯಾರೆಂದು ತಿಳಿದರೆ ಉಪಕಾರವಾಗುತ್ತಿತ್ತು; ಈ ಪತ್ರ ಬರೆಯುವವರೆಗೆ ನಮ್ಮ ಅಂಗಳಕ್ಕೆ ಒಬ್ಬ ಅಧಿಕಾರಿಯೂ ಕಾಲಿಟ್ಟಿಲ್ಲ.

ಬೀಡಿ ಕಟ್ಟುವ ಕೆಲಸ ಕಡಿಮೆಯಾದ ಮೇಲೆ ನನ್ನ ಪತ್ನಿ ಅಯಲ್ಕೂಟದಲ್ಲಿ (ನೆರೆಹೊರೆಯ ಮಹಿಳೆಯರ ಸ್ವಸಹಾಯ ಗುಂಪಿನಲ್ಲಿ) ಸಾಲ ತೆಗೆದು ಆಡು ಸಾಕತೊಡಗಿದ್ದಳು. ಮಗಳ ಕಾಲೇಜು ಫೀಸು, ಸಾಲದ ಕಂತು, ಮನೆಯ ಅಕ್ಕಿ ಎಲ್ಲವೂ ಮರಿ ಮಾರಿದ ಹಣದಿಂದಲೇ ನಡೆಯುತ್ತಿತ್ತು. ಸತ್ತವುಗಳಲ್ಲಿ ಎರಡು ಗಬ್ಬದ ಆಡುಗಳು. ಉಳಿದಿರುವ ಒಂದೇ ಮರಿ ಹರಿದ ಕಿವಿಯೊಂದಿಗೆ ಗೂಡಿನ ಮೂಲೆಗೆ ಒತ್ತಿಕೊಂಡಿದೆ; ಹಲಸಿನ ಸೊಪ್ಪನ್ನು ಮೂತಿಯ ಬಳಿ ಹಿಡಿದರೂ ಮುಟ್ಟುವುದಿಲ್ಲ. ಅದಕ್ಕಾದರೂ ಮೃಗಾಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಸಿಕ್ಕಿತು. ನನ್ನ ಪತ್ನಿ ಮಾತ್ರ ಎಲ್ಲೋ ದೂರದಲ್ಲಿ ನಾಯಿ ಬೊಗಳಿದರೂ ಎದ್ದು ಕೂರುತ್ತಾಳೆ, ಟಾರ್ಚ್ ಹಿಡಿದು ಹೊರಟವಳು ಮೆಟ್ಟಿಲಿನಲ್ಲೇ ನಡುಗುತ್ತ ನಿಲ್ಲುತ್ತಾಳೆ, ಆ ರಾತ್ರಿ ಮಳೆಯ ಸದ್ದಿನಲ್ಲಿ ಆಡುಗಳ ಕೂಗು ಕೇಳಿಸಲಿಲ್ಲವೆಂದು ತನ್ನನ್ನೇ ಬೈದುಕೊಳ್ಳುತ್ತಾಳೆ. ಇದನ್ನು ಹೇಳಿಕೊಂಡಾಗ ಕಚೇರಿಯ ಮಹನೀಯರೊಬ್ಬರು ‘ಆಡಲ್ಲವೇ, ಬೇರೆ ತೆಗೆದುಕೊಳ್ಳಿ’ ಎಂದು ಉಪದೇಶಿಸಿ ಮೊಬೈಲಿನತ್ತ ತಿರುಗಿದರು. ಇಲ್ಲಿ ಕೇರಳದ ಆಸ್ಪತ್ರೆಗೆ ಹೋದರೆ ಮನಸ್ಸಿನ ಸಂಕಟವನ್ನು ಮಲಯಾಳದಲ್ಲಿ ಹೇಳಬೇಕು. ಅವಳಿಗೆ ಬರುವುದು ತುಳು ಮತ್ತು ಕನ್ನಡ. 14416ಕ್ಕೆ ಕರೆ ಮಾಡಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ‘ಟೆಲಿ ಮಾನಸ್’ನಲ್ಲಿ ಉಚಿತವಾಗಿ ಸಮಾಲೋಚನೆ ದೊರೆಯುತ್ತದೆಂದು ನಮಗೆ ತಿಳಿಸಿದ್ದು ಔಷಧಿ ಅಂಗಡಿಯ ಹುಡುಗನೇ ಹೊರತು ಯಾವ ಇಲಾಖೆಯೂ ಅಲ್ಲ.

ದುಡಿಮೆ ಬಿಟ್ಟು ನಾನು ಪಂಚಾಯತಿನಿಂದ ಮೃಗಾಸ್ಪತ್ರೆಗೆ, ಅಲ್ಲಿಂದ ವಿಲೇಜ್ ಆಫೀಸಿಗೆ, ಮತ್ತೆ ಪಂಚಾಯತಿಗೆ ಅಲೆದದ್ದಾಯಿತು. ಭಾನುವಾರ ವೈದ್ಯರಿರಲಿಲ್ಲ, ವಾಸನೆ ಬರತೊಡಗಿದ ಮೇಲೆ ಸತ್ತ ಆಡುಗಳನ್ನು ಹೂತುಬಿಟ್ಟೆವು. ಈಗ ಮರಣೋತ್ತರ ಪರೀಕ್ಷೆಯ ವರದಿ ಎಲ್ಲಿ ಎಂದು ಕೇಳುತ್ತಾರೆ. ಕಾಡುಪ್ರಾಣಿ ಕೊಂದ ಸಾಕುಪ್ರಾಣಿಗಾದರೆ ಅರಣ್ಯ ಇಲಾಖೆಯ ಪರಿಹಾರವಿದೆ. ನಮ್ಮದೇ ಕಾಸರಗೋಡು ಜಿಲ್ಲೆಯ ಮುಳಿಯಾರು, ಕಾರಡ್ಕದ ಕಡೆ ಚಿರತೆ ಸುಳಿದಾಗ ಕ್ಯಾಮರಾ ಬಂತು, ಬೋನು ಬಂತು. ನಾಯಿ ಕಾಡಿನದ್ದಲ್ಲವಾದ್ದರಿಂದ ನಮಗೆ ಆ ಯೋಗವಿಲ್ಲ. ಸಾಯುವುದಿದ್ದರೆ ಚಿರತೆಯ ಬಾಯಿಗೇ ಬೀಳಬೇಕೆಂದು ಇನ್ನು ಮುಂದೆ ಆಡುಗಳಿಗೆ ತಿಳಿಹೇಳಬೇಕಷ್ಟೆ. ಬೀದಿನಾಯಿಗಳ ಸಂತಾನಹರಣ ಹಾಗೂ ಲಸಿಕೆಯ ಹೊಣೆಯನ್ನು ಕೇಂದ್ರ ಸರಕಾರದ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸ್ಥಳೀಯಾಡಳಿತದ ಮೇಲೆಯೇ ಹೊರಿಸಿವೆಯಾದರೂ ನಮ್ಮಲ್ಲಿ ಅದು ಸಭೆಯ ನಡಾವಳಿ ಪುಸ್ತಕದಿಂದ ಹೊರಗೆ ಬಂದದ್ದನ್ನು ಕಂಡವರಿಲ್ಲ.

ನಮ್ಮ ಜಿಲ್ಲೆಗೆ ಈ ಉದಾಸೀನ ಹೊಸದೇನೂ ಅಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಕೀಟನಾಶಕ ಸುರಿದಾಗಲೂ ‘ಏನೂ ಆಗುವುದಿಲ್ಲ’ ಎಂದೇ ಹೇಳಲಾಗಿತ್ತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಆದೇಶಿಸಿದರೂ 2022ರಲ್ಲಿ ಅದೇ ನ್ಯಾಯಾಲಯ ಮತ್ತೊಮ್ಮೆ ಛೀಮಾರಿ ಹಾಕಬೇಕಾಯಿತು. ಹಾಸಿಗೆ ಹಿಡಿದ ಮಕ್ಕಳ ತಾಯಂದಿರನ್ನೇ ಅಷ್ಟು ಕಾಯಿಸಿದವರು ಆಡು ಕಳೆದುಕೊಂಡವಳ ನಿದ್ದೆಯ ಬಗ್ಗೆ ಚಿಂತಿಸುತ್ತಾರೆಂದು ನಾನು ಭಾವಿಸಿಲ್ಲ.

ಆದರೂ ಸಂಬಂಧಪಟ್ಟವರು ಕೂಡಲೇ ಪರಿಹಾರ ಕೊಡಬೇಕು, ನಾಯಿಗಳಿಗೆ ಏನಾದರೊಂದು ವ್ಯವಸ್ಥೆ ಮಾಡಬೇಕು, ಇಂತಹ ಮನೆಗಳಿಗೆ ಕನ್ನಡವೋ ತುಳುವೋ ಬಲ್ಲ ಆಪ್ತಸಮಾಲೋಚಕರನ್ನು ಕಳುಹಿಸಬೇಕು. ಇದ್ಯಾವುದೂ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದಾದರೆ ಯಾರ ವ್ಯಾಪ್ತಿಗೆ ಬರುತ್ತದೆಂದಾದರೂ ಬರೆದುಕೊಡಲಿ. ಅದೂ ಕಷ್ಟವಾದರೆ ಜನರ ತೆರಿಗೆಯ ಹಣದಲ್ಲಿ ಫ್ಯಾನಿನಡಿ ಕುಳಿತು ಉಪದೇಶ ಮಾಡುವ ಉದ್ಯೋಗವನ್ನಾದರೂ ಬಿಡಲಿ.

ಇತಿ,
ನೊಂದ ಆಡು ಸಾಕಣೆದಾರ
ಮಂಜೇಶ್ವರ ತಾಲೂಕು