ಗರ್ಭನಿರೋಧಕ ಮಾತ್ರೆ ಹಾರ್ಮೋನ್ ಚಿಕಿತ್ಸೆಯಲ್ಲ

ಮಾನ್ಯರೇ,

ಹಾರ್ಮೋನ್ ಚಿಕಿತ್ಸೆ ಶುರುಮಾಡಲು ಬಯಸುವ ಎಷ್ಟೋ ಟ್ರಾನ್ಸ್ ಮಹಿಳೆಯರು ವೈದ್ಯರನ್ನು ಕಾಣದೆ ಗರ್ಭನಿರೋಧಕ ಮಾತ್ರೆ ನುಂಗುತ್ತಾರೆ. ದಯವಿಟ್ಟು ಬೇಡ. ಇಂಥ ಬಹುತೇಕ ಮಾತ್ರೆಗಳಲ್ಲಿರುವ ಎಥಿನೈಲ್ ಎಸ್ಟ್ರಾಡಿಯೋಲ್ ಎಂಬ ಕೃತಕ ಸ್ತ್ರೀ ಹಾರ್ಮೋನ್‌ನಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು; ಧೂಮಪಾನಿಗಳಿಗಂತೂ ಇನ್ನೂ ಹೆಚ್ಚು. ಬೇಕಿರುವುದು ದೇಹದಲ್ಲಿ ಸಹಜವಾಗಿರುವ ಸ್ತ್ರೀ ಹಾರ್ಮೋನ್ ಎಸ್ಟ್ರಾಡಿಯೋಲ್: ಸಾಮಾನ್ಯವಾಗಿ ದಿನಕ್ಕೆ 2ರಿಂದ 6 ಮಿಲಿಗ್ರಾಂ ಮಾತ್ರೆ, ಇಲ್ಲವೇ ಜೆಲ್ ಅಥವಾ ಪ್ಯಾಚ್. ವಯಸ್ಸಾದವರಿಗೆ, ಧೂಮಪಾನಿಗಳಿಗೆ ಚರ್ಮದ ಮೂಲಕ ಕೊಡುವುದೇ ಕ್ಷೇಮ.

ಮುಂದೆ ಸ್ವಂತ ಮಗು ಬೇಕೆನಿಸಬಹುದಾದರೆ ಹಾರ್ಮೋನ್ ಶುರುಮಾಡುವ ಮೊದಲೇ ವೀರ್ಯವನ್ನು ಶೇಖರಿಸಿಡಬೇಕು. ಇದನ್ನು ವೈದ್ಯರೇ ಹೇಳಬೇಕು, ಹಲವರು ಹೇಳುವುದಿಲ್ಲ. ಯಕೃತ್ತು, ಮೂತ್ರಪಿಂಡ, ಕೊಲೆಸ್ಟರಾಲ್, ಹಾರ್ಮೋನ್ ಮಟ್ಟದ ರಕ್ತಪರೀಕ್ಷೆಯೂ ಆಗಲೇ ಆಗಬೇಕು.

ಪುರುಷ ಹಾರ್ಮೋನ್ ಟೆಸ್ಟೋಸ್ಟೆರೋನ್ ತಗ್ಗಿಸಲು ಕೊಡುವ ಸ್ಪೈರೊನೊಲ್ಯಾಕ್ಟೋನ್ ಪೊಟ್ಯಾಸಿಯಂ ಏರಿಸುತ್ತದೆ. ಅದು ಮಿತಿಮೀರಿದರೆ ಹೃದಯ ಬಡಿತವೇ ತಪ್ಪುತ್ತದೆ, ಪರೀಕ್ಷೆ ತಪ್ಪಿಸುವಂತಿಲ್ಲ. ಅದೇ ಕೆಲಸಕ್ಕೆ ಸೈಪ್ರೊಟೆರೋನ್ ಕೊಟ್ಟರೆ ದಿನಕ್ಕೆ 10 ಮಿಲಿಗ್ರಾಂ ಆಸುಪಾಸು ಸಾಕು. ದೊಡ್ಡ ಪ್ರಮಾಣದಲ್ಲಿ ಬಹುಕಾಲ ತೆಗೆದುಕೊಂಡರೆ ಮಿದುಳಿನ ಪೊರೆಯಲ್ಲಿ ಗಡ್ಡೆಯಾಗುವ ಅಪಾಯವಿದೆ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಬೇಕು. ಎಸ್ಟ್ರಾಡಿಯೋಲ್ ಪ್ರತಿ ಮಿಲಿಲೀಟರ್‌ಗೆ 100ರಿಂದ 200 ಪಿಕೋಗ್ರಾಂ, ಟೆಸ್ಟೋಸ್ಟೆರೋನ್ ಪ್ರತಿ ಡೆಸಿಲೀಟರ್‌ಗೆ 50 ನ್ಯಾನೋಗ್ರಾಂಗಿಂತ ಕಡಿಮೆ ಇರಬೇಕು.

ಸ್ತನ ಬೆಳವಣಿಗೆ 3ರಿಂದ 6 ತಿಂಗಳಲ್ಲಿ ಆರಂಭವಾಗಿ, ಪೂರ್ಣಗೊಳ್ಳಲು ಎರಡು ಮೂರು ವರ್ಷ ಹಿಡಿಯುತ್ತದೆ. ಅವಸರಪಟ್ಟು ಮಾತ್ರೆ ಹೆಚ್ಚಿಸಿದರೆ ಅಪಾಯವಷ್ಟೇ ಬೆಳೆಯುತ್ತದೆ. ಹದಿಹರೆಯದಲ್ಲಿ ಒಡೆದು ಗಡುಸಾದ ಧ್ವನಿ ಹಾರ್ಮೋನಿನಿಂದ ಬದಲಾಗದು, ಅದಕ್ಕೆ ಧ್ವನಿ ತರಬೇತಿಯಿದೆ. ಗಡ್ಡ ತೆಗೆಯಲು ಲೇಸರ್ ಅಥವಾ ಎಲೆಕ್ಟ್ರೋಲಿಸಿಸ್ (ವಿದ್ಯುತ್ತಿನಿಂದ ಕೂದಲ ಬೇರು ನಾಶಮಾಡುವ ವಿಧಾನ).

ಒಂದೇ ಕಾಲು ಊದಿ ನೋವಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು; ತಕ್ಷಣ ಆಸ್ಪತ್ರೆಗೆ ಹೋಗಿ, ಹಾರ್ಮೋನ್ ತೆಗೆದುಕೊಳ್ಳುತ್ತಿರುವುದನ್ನು ಮುಚ್ಚಿಡದೆ ಹೇಳಬೇಕು.