ದೀಪದ ಎಣ್ಣೆಗೆ ಕೊಡುವವರು ಯಾರು?

ಕಳೆದ ನವೆಂಬರ್‌ನಲ್ಲಿ ಒಂದು ಸಂಜೆ, ಇಲ್ಲಿ ಅಮೆರಿಕದಲ್ಲಿ ಮಗಳು ಓದುವ ಕಾಲೇಜಿನಿಂದ ಫೋನ್ ಬಂತು. ಮಾತಾಡಿದ್ದು ಅಲ್ಲೇ ಓದುವ ಒಬ್ಬ ಹುಡುಗ. ಮೊದಲು ಹವಾಮಾನ, ಆಮೇಲೆ ತನ್ನ ಓದು, ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದ. ಪೋಷಕರ ನಿಧಿಗೆ ಈ ವರ್ಷ 500 ಡಾಲರ್ ಕೊಡಬಹುದಾ? ನಾನು ಕೆಮ್ಮಿದೆ. ಹಾಗಾದರೆ 250? ಕೊನೆಗೆ 25ಕ್ಕೆ ಒಪ್ಪಿಕೊಂಡೆ. ಕೋಟಿ ಕೊಟ್ಟವರಿಗೆ ಹೇಳುವ ಹಾಗೆ ಥ್ಯಾಂಕ್ಸ್ ಹೇಳಿ ಇಟ್ಟ.

ಊರಿಂದ ಬಂದಿದ್ದ ಅಮ್ಮ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಏನಂತೆ ಅಂದರು. ಕಾಲೇಜಿಗೆ ಡೊನೇಷನ್ ಕೇಳ್ತಿದಾರೆ ಅಂದೆ. ಅಮ್ಮನ ಕೈ ನಿಂತಿತು. "ಸೀಟು ಸಿಕ್ಕಿ ಎರಡು ವರ್ಷ ಆಯ್ತಲ್ಲೋ! ಇನ್ನೂ ಯಾತಕ್ಕೆ ಡೊನೇಷನ್ನು?"

ನಾನು ನಕ್ಕೆ, ನಿಜ. ಆದರೆ ಅಮ್ಮನ ಕಾಲದವರಿಗೆ ಆ ಪದದ ಅರ್ಥವೇ ಅದು. ಡೊನೇಷನ್ ಅಂದರೆ ಸೀಟಿಗೆ ಮುಂಚೆ ಎಣಿಸುವ ದುಡ್ಡು. ಇದನ್ನು ತಡೆಯಲೆಂದೇ ಕರ್ನಾಟಕದಲ್ಲಿ 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ಬಂತು. 1992ರಲ್ಲಿ ಮೋಹಿನಿ ಜೈನ್ ಅನ್ನುವ ವಿದ್ಯಾರ್ಥಿನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಆಗ ನಮ್ಮ ಖಾಸಗಿ ಮೆಡಿಕಲ್ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಇತ್ತು. ಹೊರ ರಾಜ್ಯದವರಿಗೆ ಅದೇ ಕಾಲೇಜುಗಳಲ್ಲಿ 60,000ದವರೆಗೆ. ಕ್ಯಾಪಿಟೇಷನ್ ಶುಲ್ಕ ತಪ್ಪು ಅಂತ ಕೋರ್ಟು ಹೇಳಿತು. ಪದಕ್ಕೆ ಅಂಟಿದ ಮಸಿ ಮಾತ್ರ ಹೋಗಲಿಲ್ಲ. ಇಲ್ಲಿಗೆ ಬಂದು ಇಪ್ಪತ್ತು ವರ್ಷ ಆದ ನಮ್ಮವರು ಕೂಡ ಕಾಲೇಜಿನ ಫೋನ್ ನಂಬರ್ ಕಂಡರೆ ಎತ್ತುವುದಿಲ್ಲ. ನನಗಿರುವ ಅನುಮಾನ, ಆ ಮಸಿಯನ್ನು ನಾವು ಸೂಟ್‌ಕೇಸಿನಲ್ಲಿ ಹಾಕಿಕೊಂಡೇ ಬಂದಿದ್ದೇವೆ.

ಇಲ್ಲಿ ಹಣ ಕೇಳುವುದಕ್ಕೇ ಒಂದು ಇಲಾಖೆ ಇರುತ್ತದೆ. ಹೆಸರು ಅಡ್ವಾನ್ಸ್‌ಮೆಂಟ್ ಆಫೀಸ್. ಬೆಂಗಳೂರಿನವರಿಗೆ ಅಡ್ವಾನ್ಸ್ ಅಂದರೆ ಬಾಡಿಗೆ ಮನೆಗೆ ಕೊಟ್ಟು, ಬಿಡುವಾಗ ಬಣ್ಣದ ಖರ್ಚಿಗೆ ಮುರಿದುಕೊಳ್ಳುವ ಹಣ! ಈ ಇಲಾಖೆಯ ಕೆಲಸವೇ ಬೇರೆ. ಹಳೆಯ ವಿದ್ಯಾರ್ಥಿಗಳ ವಿಳಾಸ ಕಾಪಾಡುವುದು, ಹುಟ್ಟುಹಬ್ಬಕ್ಕೆ ಕಾರ್ಡು ಕಳಿಸುವುದು, ಯಾರ ಕಂಪನಿ ಮಾರಾಟವಾಯಿತು ಅಂತ ನೋಡುತ್ತಾ ಇರುವುದು. ದೊಡ್ಡ ಕುಳಗಳ ಹತ್ತಿರ ವರ್ಷಗಟ್ಟಲೆ ಕಾಫಿ ಕುಡಿದು ಆಮೇಲೆ ಬಾಯಿ ಬಿಡುವುದು. ನನ್ನಂಥವರಿಗೆ ಫೋನ್ ಮಾಡುವ ಹುಡುಗ. ಅವನು 25ಕ್ಕೂ ಅಷ್ಟು ಹಿಗ್ಗಿದ್ದು ಯಾಕೆ ಅಂತ ಆಮೇಲೆ ತಿಳಿಯಿತು. ಹಳೆಯ ವಿದ್ಯಾರ್ಥಿಗಳಲ್ಲಿ ನೂರಕ್ಕೆ ಎಷ್ಟು ಜನ ಕೊಟ್ಟರು ಅನ್ನುವುದು ಯುಎಸ್ ನ್ಯೂಸ್ ಪತ್ರಿಕೆಯ ಕಾಲೇಜು ರ‍್ಯಾಂಕಿಂಗ್‌ನಲ್ಲೇ ಬಹಳ ಕಾಲ ಒಂದು ಲೆಕ್ಕವಾಗಿತ್ತು. 2023ರಲ್ಲಿ ಅದನ್ನು ಕೈಬಿಟ್ಟರು. ಮೊತ್ತಕ್ಕಿಂತ ತಲೆ ಎಣಿಸುವ ಅಭ್ಯಾಸ ಮಾತ್ರ ಉಳಿದಿದೆ. ಇವತ್ತು 25 ಕೊಟ್ಟವರು ಮುಂದೊಂದು ದಿನ 25,000 ಕೊಡಬಹುದು, ಏನೂ ಕೊಡದವರು ಕೊಡುವುದೇ ಇಲ್ಲ ಅನ್ನುವುದು ಅವರ ನಂಬಿಕೆ.

ಕೇಳುವ ಕಲೆ ಇಲ್ಲಿ ಹಳೆಯದು. ಯೇಲ್ ವಿಶ್ವವಿದ್ಯಾಲಯದ ಹೆಸರು ಎಲ್ಲಿಂದ ಬಂತು ಗೊತ್ತಾ? ಎಲಿಹು ಯೇಲ್ ಅನ್ನುವವನು ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಗವರ್ನರ್ ಆಗಿದ್ದ. ಸ್ವಂತ ವ್ಯಾಪಾರ ಜಾಸ್ತಿ ಮಾಡಿಕೊಂಡ ಅಂತ 1692ರಲ್ಲಿ ಅವನನ್ನು ಕೆಳಗಿಳಿಸಿದರು. ದುಡ್ಡಂತೂ ಅವನ ಹತ್ತಿರ ಉಳಿಯಿತು. 1718ರಲ್ಲಿ ಕಾಟನ್ ಮ್ಯಾಥರ್ ಎಂಬ ಬಾಸ್ಟನ್ನಿನ ಪಾದ್ರಿ ಅವನಿಗೆ ಒಂದು ಪತ್ರ ಬರೆದ. ಕನೆಕ್ಟಿಕಟ್‌ನ ಈ ಪುಟ್ಟ ಶಾಲೆಗೆ ನಿಮ್ಮ ಹೆಸರಿಟ್ಟರೆ ಅದು ಈಜಿಪ್ಟಿನ ಪಿರಮಿಡ್ಡಿಗಿಂತ ಮೇಲು ಎಂಬರ್ಥದ ಮಾತು ಅದರಲ್ಲಿತ್ತು. ಯೇಲ್ ಒಂಬತ್ತು ಗಂಟು ಸರಕು, 417 ಪುಸ್ತಕ ಮತ್ತು ರಾಜನ ಒಂದು ಚಿತ್ರ ಕಳಿಸಿದ. ಸರಕು ಮಾರಿ ಬಂದದ್ದು 562 ಪೌಂಡು. ಮದರಾಸಿನಲ್ಲಿ ಗಳಿಸಿದ್ದರಲ್ಲಿ ಅದು ಚಿಲ್ಲರೆ. ಹೆಸರು ಮಾತ್ರ ಮುನ್ನೂರು ವರ್ಷ ದಾಟಿತು. ಇಷ್ಟು ಅಗ್ಗಕ್ಕೆ ಇಷ್ಟು ದೊಡ್ಡ ಬೋರ್ಡು ಇನ್ಯಾರಿಗೂ ಸಿಕ್ಕಿರಲಿಕ್ಕಿಲ್ಲ.

ಇದನ್ನು ಅಮ್ಮನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ. "ಹೆಸರು ಕಟ್ಟಡಕ್ಕೆ ಆಯ್ತು. ಮೇಷ್ಟರ ಸಂಬಳಕ್ಕೆ ಯಾರು ಕೊಟ್ಟರು?"

ಆ ಪ್ರಶ್ನೆಗೆ ಉತ್ತರ ನಮ್ಮ ವಿಜಯಪುರ ಜಿಲ್ಲೆಯಲ್ಲೇ ಇದೆ. ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದ ಶಾಸನ, ಕಾಲ 945. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ಸೀಮೆಗಳಿಂದ ಬಂದ ವಿದ್ಯಾರ್ಥಿಗಳು ಉಳಿಯಲು 27 ಮನೆ. ಅಲ್ಲಿಗೇ ನಿಂತಿದ್ದರೆ ಮಾಮೂಲಿ ದತ್ತಿ ಶಾಸನ ಆಗುತ್ತಿತ್ತು. ಆದರೆ ಅದರಲ್ಲಿ ಶಾಲೆಯ ಮುಖ್ಯ ಗುರುವಿಗೆ 50 ನಿವರ್ತನ (ಆ ಕಾಲದ ನೆಲದ ಅಳತೆ) ಭೂಮಿ ಬೇರೆ ಇದೆ. ದೀಪದ ಖರ್ಚಿಗೆಂದೇ 12 ನಿವರ್ತನ ಬೇರೆ. ದೀಪಕ್ಕೆ ಹೊಲ! ಇನ್ನೂ ಒಂದಿದೆ. ಊರಿನಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ, ಉಪನಯನಕ್ಕೆ ಅದರಲ್ಲಿ ಅರ್ಧ, ಚೌಲಕ್ಕೆ ಅದರಲ್ಲೂ ಅರ್ಧ. ಮಂತ್ರಿಯ ದೊಡ್ಡ ದಾನ ಒಂದು ಸಲ ಬಂತು. ಊರವರ ಸಣ್ಣ ದೇಣಿಗೆ ಪ್ರತಿ ಲಗ್ನದ ಸೀಸನ್ನಿಗೂ ಬರುತ್ತಿತ್ತು. ಇವತ್ತಿನ ಅಡ್ವಾನ್ಸ್‌ಮೆಂಟ್ ಆಫೀಸಿನವರು ಎಂಡೋಮೆಂಟ್ (ಶಾಶ್ವತ ನಿಧಿ), ಆನ್ಯುಯಲ್ ಫಂಡ್ (ವರ್ಷ ವರ್ಷದ ದೇಣಿಗೆ) ಅಂತ ಎರಡು ಫೈಲು ಇಡುತ್ತಾರಲ್ಲ, ಆ ಎರಡೂ ಸಾಲೋಟಗಿಯ ಒಂದೇ ಕಂಬದಲ್ಲಿವೆ.

ಈಗ ನಮ್ಮ ಮನೆಯ ವಿಷಯ. ಇಲ್ಲಿನ ನಮ್ಮ ಕನ್ನಡ ಕೂಟದ ಕನ್ನಡ ತರಗತಿಗಳು ಭಾನುವಾರ ಬೆಳಿಗ್ಗೆ ಬಾಡಿಗೆ ಕೋಣೆಗಳಲ್ಲಿ ನಡೆಯುತ್ತವೆ. ಕಲಿಸುವವರು ಸಂಬಳ ಕೇಳುವುದಿಲ್ಲ. ಕೋಣೆಯ ಬಾಡಿಗೆ, ವಿಮೆ, ಜೆರಾಕ್ಸು ಮಾತ್ರ ಬಿಡುವುದಿಲ್ಲ. ರಾಜ್ಯೋತ್ಸವಕ್ಕೆ ಬೆಂಗಳೂರಿಂದ ಗಾಯಕರನ್ನು ಕರೆಸಿದರೆ ಪ್ರಾಯೋಜಕರು ಸಾಲುಗಟ್ಟುತ್ತಾರೆ. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಜಾಗ ಸಾಲುವುದಿಲ್ಲ. ಜೆರಾಕ್ಸಿನ ಮೇಲೆ ಯಾರೂ ಲೋಗೊ ಕೇಳುವುದಿಲ್ಲ. ಹೋದ ವರ್ಷ ಮೂರು ತಿಂಗಳ ಬಾಡಿಗೆಯನ್ನು ಟೀಚರ್‌ಗಳೇ ಹಂಚಿಕೊಂಡು ಕಟ್ಟಿದ್ದರು. ಸಮಿತಿಗೆ ಇದು ತಿಳಿದದ್ದು ಆಮೇಲೆ. ತಿಳಿದಾಗ ತಲೆ ತಗ್ಗಿಸಬೇಕಾಯಿತು.

ತಮಿಳರು ಹಾರ್ವರ್ಡ್‌ನಲ್ಲಿ ಪೀಠ ಮಾಡಿದರು, ನಾವೇಕೆ ಮಾಡಬಾರದು ಅಂತ ಸದಸ್ಯರೊಬ್ಬರು ಕೇಳುತ್ತಲೇ ಇರುತ್ತಾರೆ. ಸರಿ, ಅವರು ಮಾಡಿದ್ದು ಹೇಗೆ ಅಂತ ನೋಡೋಣ. ಇಬ್ಬರು ವೈದ್ಯರು ತಲಾ 5 ಲಕ್ಷ ಡಾಲರ್ ಹಾಕಿ ಶುರು ಮಾಡಿದರು. ಬೇಕಾಗಿದ್ದದ್ದು 60 ಲಕ್ಷ ಡಾಲರ್. ತಮಿಳುನಾಡು ಸರ್ಕಾರ 10 ಕೋಟಿ ರೂಪಾಯಿ ಕೊಟ್ಟಿತು. ಉಳಿದದ್ದಕ್ಕೆ ಊರೂರಿನ ಸಂಘಗಳು, ಸಾಮಾನ್ಯ ಜನ ಕೈ ಸೇರಿಸಿದರು. 2018ರಲ್ಲಿ ಗುರಿ ಮುಟ್ಟಿತು. ಇಂಥ ಗಂಟನ್ನು ವಿಶ್ವವಿದ್ಯಾಲಯ ಮುಟ್ಟುವುದಿಲ್ಲ. ವರ್ಷಕ್ಕೆ ನೂರಕ್ಕೆ ನಾಲ್ಕೋ ಐದೋ ಮಾತ್ರ ತೆಗೆದು ಪ್ರಾಧ್ಯಾಪಕರ ಸಂಬಳ ಕೊಡುತ್ತದೆ. ಚೆನ್ನಾಗಿದೆ. ಆದರೆ ಭಾನುವಾರದ ಬಾಡಿಗೆಗೆ ತಡಕಾಡುವ ನಾವು ಪೀಠದ ಮಾತಾಡಿದರೆ ಯಾರು ನಂಬುತ್ತಾರೆ? ಕೇಳುವ, ಕೊಡುವ ಅಭ್ಯಾಸ ಮೊದಲು ಇಲ್ಲಿ ಬರಬೇಕು.

ಹಾಗಾಗಿ ಸಮಿತಿಯ ಮುಂದೆ ಸಾಲೋಟಗಿಯ ಪದ್ಧತಿಯನ್ನೇ ಇಟ್ಟೆ. ನಮ್ಮ ಸದಸ್ಯರ ಮನೆಯಲ್ಲಿ ಮದುವೆಯಾದರೆ ತರಗತಿಗೆ 51 ಡಾಲರ್. ಗೃಹಪ್ರವೇಶ, ಉಪನಯನ, ಪದವಿ ಸಮಾರಂಭಕ್ಕೆ 26. ನಾಮಕರಣ, ಹುಟ್ಟುಹಬ್ಬಕ್ಕೆ 13. ಒಂದು ಸೇರಿಸದಿದ್ದರೆ ನಮ್ಮವರಿಗೆ ಮುಯ್ಯಿ ಕೊಟ್ಟ ಹಾಗೆ ಅನ್ನಿಸುವುದಿಲ್ಲವಲ್ಲ, ಅದಕ್ಕೆ ಈ ಲೆಕ್ಕ. ಹುಟ್ಟುಹಬ್ಬದ ಒಂದು ಕೇಕಿನ ದುಡ್ಡೂ ಆಗುವುದಿಲ್ಲ. ಕಡ್ಡಾಯ ಅಲ್ಲ. ಕೊಟ್ಟವರ ಹೆಸರನ್ನು ಮೊತ್ತ ಹಾಕದೆ ಕೂಟದ ಈ ಸುದ್ದಿಪತ್ರದಲ್ಲಿ ಅಚ್ಚು ಮಾಡುತ್ತೇವೆ.

ಸಭೆಯಲ್ಲಿ ಒಬ್ಬರು, ಈ ದುಡ್ಡು ಊರಿನ ಸರ್ಕಾರಿ ಶಾಲೆಗೆ ಹೋಗಲಿ ಅಂದರು. ಒಳ್ಳೆಯ ಮಾತೇ. ಆದರೆ ನಮ್ಮ ಕೂಟದಂಥ ವಿದೇಶಿ ಸಂಸ್ಥೆ ಭಾರತಕ್ಕೆ ಹಣ ಕಳಿಸಿದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ) ಕಾಯ್ದೆ ಅಡ್ಡ ಬರುತ್ತದೆ. ಅಮೆರಿಕದ ಪಾಸ್‌ಪೋರ್ಟ್ ಇರುವವರ ಹಣವೂ ಅದರ ಲೆಕ್ಕಕ್ಕೇ ಸೇರುತ್ತದೆ, ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಸರಿಯೇ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವುದಕ್ಕೆ ಈ ತೊಡಕಿಲ್ಲ. ಅದನ್ನು ಅವರವರೇ ಮಾಡಲಿ.

ಇನ್ನೊಂದು ಮಾತು. ನಮ್ಮಲ್ಲಿ ಅರ್ಧಕ್ಕರ್ಧ ಜನ ಕೆಲಸ ಮಾಡುವ ಕಂಪನಿಗಳಲ್ಲಿ ನೌಕರರು ಕೊಟ್ಟಷ್ಟೇ ದುಡ್ಡನ್ನು ಕಂಪನಿಯೂ ಕೊಡುವ ಪದ್ಧತಿ ಇದೆ. ಜನರಲ್ ಎಲೆಕ್ಟ್ರಿಕ್ 1954ರಲ್ಲಿ ಕಾಲೇಜುಗಳಿಗಾಗಿ ಶುರು ಮಾಡಿದ್ದು ಈಗ ಎಲ್ಲೆಲ್ಲೂ ಹಬ್ಬಿದೆ. ಕೂಟ 501(ಸಿ)(3) ನೋಂದಣಿ ಇರುವ, ಅಂದರೆ ಇಲ್ಲಿನ ತೆರಿಗೆ ವಿನಾಯಿತಿ ಪಡೆದ ಸಂಸ್ಥೆ. ಐದು ನಿಮಿಷದ ಒಂದು ಫಾರ್ಮು ತುಂಬಿದರೆ 13 ಹೋಗಿ 26 ಆಗುತ್ತದೆ. ಸುಮ್ನೆ ಬಿಟ್ಟುಬಿಡುತ್ತೇವೆ, ಅಲ್ವಾ?

ಅಮ್ಮ ಜನವರಿಯಲ್ಲಿ ವಾಪಸು ಹೋದರು. ಹೋಗುವ ಮುಂಚೆ, ಆ ಕಾಲೇಜಿನ ಹುಡುಗ ಮತ್ತೆ ಫೋನ್ ಮಾಡಿದನಾ ಅಂತ ಕೇಳಿದರು. ಮಾಡಿದ್ದ. ಈ ಸಲ ಕೆಮ್ಮದೆ 50 ಅಂದಿದ್ದೆ.

ಸಮಿತಿ ಒಪ್ಪಿದೆ, ಯುಗಾದಿಯಿಂದ ಶುರು. ಬ್ಯಾಂಕ್ ಖಾತೆಯಿಂದ ಹಣ ಕಳಿಸುವ ಜೆಲ್‌ನಲ್ಲಿ ಕಳಿಸುವವರು ಮೆಮೊ ಜಾಗದಲ್ಲಿ "ದೀಪ" ಅಂತ ಬರೆಯಿರಿ. "ಡೊನೇಷನ್" ಅಂತ ಬೇಡ. ಖಜಾಂಚಿಯವರು ದೀಪದ ಹೆಸರಿನಲ್ಲಿ ಬೇರೆಯೇ ಒಂದು ಪುಸ್ತಕ ತೆರೆದಿದ್ದಾರೆ.