ಪಿಪಿಟಿ ತೋರಿಸಲು ಹೊರಟ ಸೋದರ ಸೊಸೆಗೆ

ಪ್ರೀತಿಯ ಪುಟ್ಟಿಗೆ ಆಶೀರ್ವಾದಗಳು.

ನಿಮ್ಮಮ್ಮ ಫೋನ್ ಮಾಡಿದ್ದಳು. ಗುರುವಾರದ ಕೆಡಿಪಿ (ಅಭಿವೃದ್ಧಿ ಕೆಲಸಗಳ ಪ್ರಗತಿ ಪರಿಶೀಲನೆ) ಸಭೆಯಲ್ಲಿ ಕುಡಿಯುವ ನೀರಿನ ಪಿಪಿಟಿ (ಪವರ್‌ಪಾಯಿಂಟ್ ಸ್ಲೈಡುಗಳು) ನೀನೇ ತೋರಿಸಬೇಕಂತೆ, ಆ ಭಯಕ್ಕೆ ಮೂರು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲವಂತೆ. ಮೊದಲು ಊಟ ಮಾಡು. ಯಾವ ಊರಿನ ಬೋರ್‌ವೆಲ್ ಬತ್ತಿದೆ, ಎಲ್ಲಿ ಟ್ಯಾಂಕರ್ ಹೋಗುತ್ತಿದೆ ಅನ್ನೋದೆಲ್ಲ ನಿನಗೆ ಬಾಯಿಪಾಠ. ಸಭೆಯಲ್ಲಿ ಮಾನ ಕಳೆಯುವುದು ವಿಷಯ ಅಲ್ಲ ಕಣೇ, ಫೈಲು, ಫಾಂಟು, ವೈರು.

ನಾನು ಕೆಲಸದಲ್ಲಿದ್ದಾಗ ಒಂದು ಸಲ 18 ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಎಲ್ಲಾ ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು, ಸಭಾಂಗಣದ ಕಂಪ್ಯೂಟರಿನಲ್ಲಿ ಆ ಫಾಂಟೇ ಇರಲಿಲ್ಲ. ಪೆನ್‌ಡ್ರೈವ್ ಹಾಕಿ ತೆಗೆದರೆ ‘ಕನ್ನಡ’ ಅಂತ ಇರಬೇಕಾದ ಕಡೆ ಒಂದು ಪಿ, ತಲೆ ಮೇಲೆ ಗೀಟಿರುವ ಎ, ಪೌಂಡಿನ ಗುರುತು, ಒಂದು ಕ್ಯೂ! ಇಡೀ ಸಭೆ ನಕ್ಕಿತು. ಆ ಹಳೇ ಫಾಂಟುಗಳಲ್ಲಿ ಒಳಗಿರುವುದು ಇಂಗ್ಲಿಷಿನ ಗುರುತುಗಳೇ, ಮೇಲೆ ಮಾತ್ರ ಕನ್ನಡದ ವೇಷ. ಫಾಂಟು ಇಲ್ಲದ ಕಡೆ ವೇಷ ಕಳಚಿ ಬೀಳುತ್ತದೆ. ಯೂನಿಕೋಡ್ ಅನ್ನುವ ಈಗಿನ ಪದ್ಧತಿಯಲ್ಲಿ ಒಳಗೂ ಕನ್ನಡವೇ, ಆ ಕಾಟ ಇಲ್ಲ. ನೀನು ಟೈಪ್ ಮಾಡುವುದು ಯೂನಿಕೋಡೇ ಇರಬಹುದು, ಆದರೆ ಕಚೇರಿಯ ಹಳೇ ವರದಿಯಿಂದ ನಾಲ್ಕು ಸಾಲು ಎತ್ತಿ ಹಾಕಿರುತ್ತೀಯ ಅಲ್ವಾ, ಕೈಕೊಡುವುದು ಅದೇ. ಆ ಸಾಲುಗಳನ್ನು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಕನ್ವರ್ಟರ್‌ಗೆ ಹಾಕಿ ಯೂನಿಕೋಡಿಗೆ ಬದಲಾಯಿಸಿಕೋ, ಆಮೇಲೆ ಒತ್ತಕ್ಷರ, ಅರ್ಕಾವತ್ತು ಸರಿಯಾಗಿವೆಯಾ ಅಂತ ಕಣ್ಣಾಡಿಸು. ಜೊತೆಗೆ ಒಂದು ಪಿಡಿಎಫ್ ಮಾಡಿಟ್ಟುಕೋ. ಅದು ಫಾಂಟನ್ನು ತನ್ನ ಜೊತೆಗೇ ಹೊತ್ತುಕೊಂಡು ಹೋಗುತ್ತದೆ. ಪೆನ್‌ಡ್ರೈವ್ ಒಂದನ್ನೇ ನಂಬಬೇಡ, ನಿನ್ನ ಮೇಲ್‌ಗೂ ಕಳಿಸಿಕೋ.

ಇನ್ನು ಫೈಲಿನ ಹೆಸರು. ಹೋದ ಸಲ ಬಂದಾಗ ನಿನ್ನ ಲ್ಯಾಪ್‌ಟಾಪ್ ನೋಡಿದೆ: ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’. ನಗು ಬಂತು, ನನ್ನದೂ ಹಾಗೇ ಇತ್ತು! ಹೆಸರಿನ ಮುಂದೆ ತಾರೀಖು ಹಾಕು, ಅದೂ ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ, 2025-06-19 ಅನ್ನುವ ಹಾಗೆ. ದಿನ ಮೊದಲು ಬರೆದರೆ ಹೆಸರಿನ ಪ್ರಕಾರ ಜೋಡಿಸುವಾಗ ಎಲ್ಲಾ ತಿಂಗಳ 1ನೇ ತಾರೀಖೂ ಒಂದೇ ಕಡೆ ಗುಂಪುಗೂಡುತ್ತವೆ. ವರ್ಷ ಮೊದಲಿದ್ದರೆ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ.

ಸಭಾಂಗಣಕ್ಕೆ ಅರ್ಧ ಗಂಟೆ ಮುಂಚೆ ಹೋಗಿ ಪ್ರೊಜೆಕ್ಟರಿನ ವೈರು ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡು. ವಿಂಡೋಸ್ ಕೀ ಜೊತೆ ಪಿ ಒತ್ತಿ ‘ಎಕ್ಸ್‌ಟೆಂಡ್’ ಆರಿಸಿದರೆ ಗೋಡೆ ಮೇಲೆ ಸ್ಲೈಡ್ ಮಾತ್ರ ಕಾಣುವ ಹಾಗೆ, ನೀನು ಬರೆದುಕೊಂಡ ಟಿಪ್ಪಣಿ ನಿನಗಷ್ಟೇ ಕಾಣುವ ಹಾಗೆ ಮಾಡಿಕೊಳ್ಳಬಹುದು. ಎಫ್5 ಒತ್ತಿದರೆ ಮೊದಲಿನಿಂದ ಶುರು. ಸದಸ್ಯರೊಬ್ಬರು ಎದ್ದು ತಮ್ಮ ಊರಿನ ಪೈಪ್‌ಲೈನ್ ಕತೆ ತೆಗೆದರೆ ಬಿ ಒತ್ತು. ಪರದೆ ಕಪ್ಪಾಗುತ್ತದೆ, ಎಲ್ಲರ ಕಣ್ಣೂ ಮಾತಿನ ಕಡೆ ತಿರುಗುತ್ತದೆ, ಮತ್ತೆ ಬಿ ಒತ್ತಿದರೆ ಸ್ಲೈಡ್ ವಾಪಸ್. ‘9ನೇ ಸ್ಲೈಡ್ ತೋರಿಸಮ್ಮಾ’ ಅಂದರೆ ಒಂದೊಂದೇ ಹಿಂದಕ್ಕೆ ಓಡಿಸಬೇಡ, 9 ಒತ್ತಿ ಎಂಟರ್ ಒತ್ತು, ಸಾಕು. ವಾಟ್ಸಾಪ್ ವೆಬ್ ಮರೆಯದೆ ಮುಚ್ಚು. ನಿಮ್ಮತ್ತೆ ‘ಬರ್ತಾ ಕೊತ್ತಂಬರಿ ತನ್ನಿ’ ಅಂತ ಕಳಿಸಿದ್ದು ಒಮ್ಮೆ ನನ್ನ ಹಿಂದಿನ ಗೋಡೆ ಮೇಲೆ ಬಂದಿತ್ತು, ನನಗೆ ಬಿಟ್ಟು ಎಲ್ಲರಿಗೂ ಕಂಡಿತ್ತು.

ನಲವತ್ತು ಊರಿನ ಪಟ್ಟಿಯನ್ನು ಒಂದೇ ಸ್ಲೈಡಿಗೆ ತುರುಕಬೇಡ, ಹಿಂದಿನ ಸಾಲಿನವರಿಗೆ ಇರುವೆ ಸಾಲಿನ ಹಾಗೆ ಕಾಣುತ್ತದೆ. ತೀರಾ ತೊಂದರೆ ಇರುವ ಐದು ಊರು ಹಾಕು, ಉಳಿದದ್ದು ಕಾಗದದಲ್ಲಿ ಪ್ರಿಂಟ್ ಕೊಡು.

ನೆನಪಿಡೋಕೆ ಹತ್ತು ಆ್ಯಪ್ ಹಾಕಿಕೊಂಡು ಒದ್ದಾಡಬೇಡ. ಫೋನಿನ ಕ್ಯಾಲೆಂಡರ್ ಸಾಕು. ಅದು ಸಭೆಗೆ ಹತ್ತು ನಿಮಿಷ ಮುಂಚೆ ಕೂಗಿದರೆ ಏನು ಪ್ರಯೋಜನ? ಹಿಂದಿನ ದಿನ ಸಂಜೆ 4 ಗಂಟೆಗೂ ಒಂದು ಸಲ ಕೂಗುವ ಹಾಗೆ ಇಡು, ಅಂಕಿ ಅಂಶ ಕೊಡಬೇಕಾದವರು ಆಗಿನ್ನೂ ಕಚೇರಿಯಲ್ಲೇ ಇರುತ್ತಾರೆ.

ಬುಧವಾರ ರಾತ್ರಿ ಪಿಪಿಟಿ ನನಗೂ ಕಳಿಸು, ಒಂದು ಸಲ ನೋಡುತ್ತೇನೆ. ಪಿಡಿಎಫ್ಫೇ ಕಳಿಸು, ನನ್ನ ಫೋನಿನಲ್ಲಿ ಇನ್ಯಾವುದೂ ಸರಿಯಾಗಿ ತೆರೆಯುವುದಿಲ್ಲ.

ಇಂತಿ ನಿನ್ನ ಮಾವ